ಮೈನಸ್ಸಿಗೆ ಮೈನಸ್ಸು ಗುಣಿಸಿದ ದಿನ

ಸಿಂದಗಿಯಲ್ಲಿ ನಡೆಯುವ ತರಬೇತಿಗೆ ಹೋದ ಮಾಸ್ತರುಗಳು ಸಾಮಾನ್ಯವಾಗಿ ಒಂದು ಪೆನ್ನು, ಒಂದು ಕೈಚೀಲ ಮತ್ತು ಸ್ವಲ್ಪ ತಲೆನೋವು ತೆಗೆದುಕೊಂಡು ತಿರುಗಿ ಬರುತ್ತಾರೆ. ಗಣಿತದ ಬಸವಂತರಾಯರು ಅವುಗಳ ಜೊತೆಗೆ ಒಂದು ನಂಬಿಕೆಯನ್ನೂ ತಂದುಬಿಟ್ಟರು. ಫಜೀತಿ ಶುರುವಾದದ್ದೇ ಅಲ್ಲಿಂದ.

ತರಬೇತಿ ಕೊಟ್ಟವರು ಹೇಳಿದ್ದು ಇಷ್ಟೇ: ದಡ್ಡರು ಎಂದುಕೊಂಡು ಪಾಠ ಹೇಳಿದರೆ ಮಕ್ಕಳು ದಡ್ಡರಾಗುತ್ತಾರೆ, ಜಾಣರು ಎಂದುಕೊಂಡು ಹೇಳಿದರೆ ಜಾಣರಾಗುತ್ತಾರೆ. ಉಳಿದವರ ಕಿವಿ ಅಡುಗೆಮನೆಯ ಪಾತ್ರೆ ಸಪ್ಪಳದ ಕಡೆಗಿತ್ತು. ಬಸವಂತರಾಯರಿಗೆ ಮಾತ್ರ ಈ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರಿನಂತೆ ಕಾಡತೊಡಗಿತು. ಮನಸ್ಸಿನಲ್ಲಿ ಅಂದುಕೊಂಡ ಮಾತ್ರಕ್ಕೆ ಮಕ್ಕಳು ಜಾಣರಾಗುತ್ತಾರೆಯೇ? ನೋಡಿಯೇ ಬಿಡಬೇಕು!

ಮರುದಿನ ಮುಂಜಾನೆ ಅವರು ತಮ್ಮ ಮನೆಯಿದ್ದ ಸಿಂದಗಿಯಿಂದ ಎಂದಿನ ಬಸ್ಸು ಹಿಡಿದು, ಮೋರಟಗಿ ಕಡೆಯ ಸಣ್ಣ ಊರಿನ ತಮ್ಮ ಹೈಸ್ಕೂಲಿಗೆ ಬಂದರು. ಒಂಬತ್ತನೆಯ ತರಗತಿಗೆ ಹೋಗಿ ಯಾರ ಮೇಲೆ ಪ್ರಯೋಗ ಮಾಡಲಿ ಎಂದು ಕಣ್ಣಾಡಿಸಿದರು. ಕಿಟಕಿ ಪಕ್ಕ ಭಾಗ್ಯಜ್ಯೋತಿ ಕೂತಿದ್ದಳು. ಹಾಜರಿ ಕರೆದಾಗ ಬಿಟ್ಟರೆ ಗಣಿತದ ತಾಸಿನಲ್ಲಿ ಒಮ್ಮೆಯೂ ಬಾಯಿ ತೆರೆಯದ ಹುಡುಗಿ.

"ಭಾಗ್ಯಜ್ಯೋತಿ, ಏಳ್ವಾ. ನೀ ಭಾಳ ಶಾಣ್ಯಾಕಿ ಅದಿ. ನಿನ್ನ ತಲಿಯೊಳಗ ಭಾರಿ ಭಾರಿ ಪ್ರಶ್ನಿ ಅದಾವು. ಕೇಳು, ಅಂಜಬ್ಯಾಡ."

ಹುಡುಗಿ ಎದ್ದು ನಿಂತಳು. ಸುತ್ತ ಒಮ್ಮೆ ನೋಡಿದಳು. ತರಗತಿಯೆಲ್ಲ ಉಸಿರು ಬಿಗಿಹಿಡಿದು ಕೂತಿತ್ತು.

"ಸರ, ಮೈನಸ್ಸಿಗೆ ಮೈನಸ್ ಗುಣಿಸಿದ್ರ ಪ್ಲಸ್ ಯಾಕ ಆಗ್ತೈತ್ರಿ?"

ಬಸವಂತರಾಯರ ಎದೆ ಉಬ್ಬಿತು. ಪ್ರಯೋಗ ಫಲಿಸಿತ್ತಲ್ಲ! ಉತ್ತರ ಹೇಳಲು ಬಾಯಿ ತೆರೆದರು.

"ಅದು... ಅದು ನಿಯಮ ಐತಿ."

"ಹೌದ್ರಿ ಸರ. ಆದ್ರ ಯಾಕ?"

ಇಷ್ಟು ವರ್ಷ ಸಾವಿರಾರು ಮಕ್ಕಳಿಗೆ ಈ ನಿಯಮವನ್ನು ಬಾಯಿಪಾಠ ಮಾಡಿಸಿದವರು ಅವರೇ. ಯಾಕೆ ಎಂದು ಅವರನ್ನು ಯಾರೂ ಕೇಳಿರಲಿಲ್ಲ, ಅವರೂ ಯಾರನ್ನೂ ಕೇಳಿರಲಿಲ್ಲ. ಮುಂಚೆ ಆಗಿದ್ದರೆ "ಕೂಡು ಕೆಳಗ" ಎಂದು ಗದರಿಸಿ ಪಾರಾಗಬಹುದಿತ್ತು. ಈಗ ತಾವೇ ಶಾಣ್ಯಾಕಿ ಎಂದು ಎಬ್ಬಿಸಿ ನಿಲ್ಲಿಸಿದ ಮೇಲೆ ಗದರಿಸುವುದು ಹೇಗೆ?

"ಮಧ್ಯಾಹ್ನದ ತಾಸಿನಾಗ ಹೇಳ್ತೇನಿ," ಎಂದು ಬೆವರು ಒರೆಸಿಕೊಳ್ಳುತ್ತ ಹೊರಬಂದರು.

ಶಿಕ್ಷಕರ ಕೋಣೆಯಲ್ಲಿ ಕನ್ನಡದ ಖಂಡೆಪ್ಪನವರು ಒಬ್ಬರೇ ಕೂತಿದ್ದರು. ಪಿಸುದನಿಯಲ್ಲಿ ಕೇಳಿದ್ದಕ್ಕೆ ಅವರು ಗೋಡೆ ನಡುಗುವಂತೆ ಉತ್ತರಿಸಿದರು:

"ಅಯ್ಯ, ಇದೇನ್ ದೊಡ್ಡ ಮಾತ್ರಿ! ಬೀಗರಿಗೆ ಹೋಳಿಗಿ ನೀಡಾಕ ಹೋಗ್ರಿ. ಒಮ್ಮೆ 'ಬ್ಯಾಡ' ಅಂದ್ರ ಬ್ಯಾಡ. 'ಬ್ಯಾಡ ಬ್ಯಾಡ' ಅಂದ್ರ ಇನ್ನೊಂದು ಹಾಕ್ರಿ ಅಂತ ಅರ್ಥ. ಎರಡು ಮೈನಸ್, ಒಂದು ಪ್ಲಸ್. ಮುಗೀತು!"

"ಅದು ಗುಣಾಕಾರ ಹೆಂಗಾತ್ರಿ? ಎರಡು ಬ್ಯಾಡ ಕೂಡಿಸಿದಂಗಾತು. ಮೈನಸ್ ಮೈನಸ್ ಕೂಡಿಸಿದ್ರ ಮೈನಸ್ಸೇ ಬರ್ತೈತಿ. ಆ ಹುಡುಗಿ ಬಿಡೂದಿಲ್ರಿ."

"ಹಂಗಾರ ನಿಮ್ಮ ಗಣಿತದೊಳಗೇ ಏನೋ ತಪ್ಪೈತಿ," ಎಂದರು ಖಂಡೆಪ್ಪನವರು. "ಬೀಗರೊಳಗ ತಪ್ಪಿಲ್ಲ."

ಚಹಾ ಕೊಡಲು ಬಂದ ಯಾಸೀನ ಇದನ್ನು ಕೇಳಿಸಿಕೊಂಡ. ಶಾಲೆ ಎದುರಿನ ಅವನ ಅಂಗಡಿಯಲ್ಲಿ ಸುದ್ದಿ, ಕಾಗದದ ಮೇಲೆ ಬಿದ್ದ ಎಣ್ಣೆಯಂತೆ ಹರಡಿತು. ಗಣಿತದ ಮಾಸ್ತರಿಗೆ ಗಣಿತ ಮರೆತುಹೋಗಿದೆಯಂತೆ! ಪಾಪ, ತರಬೇತಿಗೆ ಹೋಗಿ ಬಂದ ಮೇಲೆ ಹೀಗಾಯಿತಂತೆ. ಬಸವಂತರಾಯರು ಕಿಟಕಿಯಿಂದ ಇಣುಕಿದರೆ, ಅಂಗಡಿಯ ಬೆಂಚಿನ ಮೇಲಿದ್ದವರೆಲ್ಲ ಕಾಯಿಲೆಯವರನ್ನು ನೋಡುವ ಹಾಗೆ ಇತ್ತಲೇ ನೋಡುತ್ತಿದ್ದರು.

ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಶೈಲಶ್ರೀ ಮೇಡಂ ಬಾಗಿಲಲ್ಲಿ ಕಾಣಿಸಿಕೊಂಡರು. "ಬಸವಂತರಾಯ ಸರ, ಮಧ್ಯಾಹ್ನ ನಿಮ್ಮ ತರಗತಿಗೆ ನಾನೂ ಬರ್ತೇನ್ರಿ," ಎಂದು ಮುಗುಳ್ನಕ್ಕು ಹೋದರು. ಬಸವಂತರಾಯರ ಕೈಯಲ್ಲಿದ್ದ ಚಹಾ ಬಟ್ಟಲಲ್ಲೇ ತಣ್ಣಗಾಯಿತು.

ಊಟದ ಬಿಡುವು ಅರ್ಧ ಕಳೆದಾಗ ಅವರು ಊಟ ಬಿಟ್ಟು ಮೈದಾನಕ್ಕೆ ಓಡಿದರು. ಆಟದ ಮಾಸ್ತರ ಬೀರಣ್ಣನವರಿಗೆ ಗಣಿತಕ್ಕೂ ತಮಗೂ ಸಂಬಂಧವಿಲ್ಲ ಎಂಬ ಹೆಮ್ಮೆಯಿತ್ತು. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ.

ಬೀರಣ್ಣನವರು ಪ್ರಶ್ನೆ ಕೇಳಿ, ಬಾಯಲ್ಲಿದ್ದ ಸೀಟಿ ತೆಗೆದರು. "ಮೈನಸ್ ಅಂದ್ರ ಉಲ್ಟಾ ಹೌದಲ್ರಿ? ಹಂಗಾರ ನಿಲ್ರಿ ಇಲ್ಲಿ. ಧ್ವಜದ ಕಟ್ಟಿ ಕಡೆ ಪ್ಲಸ್, ಗೇಟಿನ ಕಡೆ ಮೈನಸ್. ಈಗ ಮೈನಸ್ ಕಡೆ ಮುಖ ಮಾಡ್ರಿ."

ಬಸವಂತರಾಯರು ಗೇಟಿನ ಕಡೆ ತಿರುಗಿದರು.

"ಇದು ಒಂದು ಉಲ್ಟಾ. ಇನ್ನೊಂದು ಉಲ್ಟಾ ಅಂದ್ರ, ಹಿಂದ್ಹಿಂದಕ್ಕ ನಡೀರಿ! ಹೂಂ, ಎಡಾ, ಬಲಾ! ಎಡಾ, ಬಲಾ!"

ತಟ್ಟೆ ಹಿಡಿದು ಸಾಲಾಗಿ ಊಟಕ್ಕೆ ಕೂತಿದ್ದ ಮಕ್ಕಳೆಲ್ಲ ಬೆರಗಾಗಿ ನೋಡಿದರು. ಬಸವಂತರಾಯರು ಗೇಟನ್ನೇ ದಿಟ್ಟಿಸುತ್ತ, ಸೀಟಿಯ ತಾಳಕ್ಕೆ ಹಿಂದಕ್ಕೆ ಸರಿಯುತ್ತ ಹೋದರು. ಹೋಗುತ್ತ ಹೋಗುತ್ತ ತಲೆಯಲ್ಲಿ ಏನೋ ಹೊಳೆಯತೊಡಗಿತು. ಮುಖ ಮೈನಸ್ಸಿನ ಕಡೆ, ನಡಿಗೆಯೂ ಉಲ್ಟಾ, ಆದರೆ ತಾವು ಹೋಗುತ್ತಿರುವುದು—

"ಸರ! ಸಾರು! ಸಾರು!" ಎಂದು ಅಡುಗೆಯ ಸುಂದರವ್ವ ಚೀರಿದಳು.

ಅವರು ಸಾರಿನ ಬೋಗುಣಿಗೆ ಬಡಿದು ಹಿಮ್ಮುಖವಾಗಿಯೇ ಅದರೊಳಗೆ ಕುಳಿತುಬಿಟ್ಟರು. ಪುಣ್ಯಕ್ಕೆ ಬಡಿಸಿ ಬಡಿಸಿ ಸಾರು ತಳ ಕಂಡಿತ್ತು, ಉಳಿದದ್ದೂ ಆರಿತ್ತು. ಪ್ಯಾಂಟು ಮಾತ್ರ ಬೇಳೆ, ಬದನೆಕಾಯಿ ಸಮೇತ ಹಳದಿಯಾಯಿತು.

"ಎಲ್ಲಿಗಿ ಬಂದ್ರಿ ನೋಡ್ರಿ ಸರ!" ಬೀರಣ್ಣನವರು ಅಲ್ಲಿಂದಲೇ ಕೂಗಿದರು.

ಬಸವಂತರಾಯರು ತಲೆಯೆತ್ತಿದರು. ಮಗ್ಗುಲಲ್ಲೇ ಧ್ವಜದ ಕಟ್ಟೆ. "ಪ್ಲಸ್ಸಿಗೆ!" ಎಂದು ಕುಳಿತಲ್ಲೇ ಕೇಕೆ ಹಾಕಿದರು. "ಬೀರಣ್ಣ, ನಾ ಪ್ಲಸ್ಸಿಗೆ ಬಂದೇನಿ!"

ಬಿದ್ದಾಗ ತಲೆಗೂ ಪೆಟ್ಟಾಗಿರಬೇಕು ಎಂದುಕೊಂಡಳು ಸುಂದರವ್ವ. "ಯವ್ವಾ, ಯಾರಾದ್ರೂ ಡಾಕ್ಟರಿಗೆ ಫೋನ್ ಹಚ್ರಿ," ಎಂದಳು.

ಮಧ್ಯಾಹ್ನ ಅದೇ ಹಳದಿ ಪ್ಯಾಂಟಿನಲ್ಲಿ ಬಸವಂತರಾಯರು ತರಗತಿಗೆ ಹೊಕ್ಕರು. ಮೇಡಂ ಕೋಣೆಯ ಹಿಂಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಸವಂತರಾಯರು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಉದ್ದಕ್ಕೆ ಗೆರೆ ಎಳೆದು, ಅದರ ಮೇಲೆ ಮಕ್ಕಳನ್ನು ನಿಲ್ಲಿಸಿದರು, ತಿರುಗಿಸಿದರು, ಹಿಂದಕ್ಕೆ ನಡೆಸಿದರು. ಭಾಗ್ಯಜ್ಯೋತಿ ಬಿಡಲಿಲ್ಲ.

"ಹಂಗಾರ ಕೂಡಿಸಿದಾಗ ಯಾಕ ಪ್ಲಸ್ ಆಗೂದಿಲ್ರಿ?"

"ಕೂಡಿಸೂದು ಅಂದ್ರ ಉಲ್ಟಾ ನಡಿಯೂದಲ್ಲ. ಮೈನಸ್ ಕಡೆ ಮುಖ ಮಾಡಿ ಹೋಗಾಕತ್ತೀವಿ, ಅದೇ ಹಾದಿಯಾಗ ಇನ್ನಷ್ಟು ಮುಂದ ಹೋಗೂದು!"

ಹೇಳಿದ ಮೇಲೆ ಅವರಿಗೇ ಆಶ್ಚರ್ಯವಾಯಿತು. ಅದನ್ನು ಅವರು ಯಾರಿಂದಲೂ ಕೇಳಿ ತಿಳಿದಿರಲಿಲ್ಲ, ಯಾವ ಗೈಡಿನಲ್ಲೂ ಓದಿರಲಿಲ್ಲ. ತರಗತಿಯೆಲ್ಲ ಒಟ್ಟಿಗೇ ಚಪ್ಪಾಳೆ ಹೊಡೆಯಿತು. ಅವರ ಕಣ್ಣು ತೇವವಾದವು.

ಸಂಜೆ ಶಾಲೆ ಬಿಟ್ಟ ಮೇಲೆ ಅವರು ಭಾಗ್ಯಜ್ಯೋತಿಯನ್ನು ಕರೆದರು. "ನೋಡಿದೇನವಾ? ನಾ ನಿನ್ನ ಮ್ಯಾಲ ಭರೋಸಾ ಇಟ್ಟೆ, ನೀ ಎಂಥಾ ಪ್ರಶ್ನಿ ಕೇಳಿದಿ! ಇದಕ್ಕ ತರಬೇತಿ ಅಂತಾರ."

ಹುಡುಗಿ ಕಾಲಬೆರಳಿನಿಂದ ನೆಲ ಕೆರೆದಳು.

"ಹಂಗಲ್ರಿ ಸರ... ನೀವು ನಿನ್ನಿ ತರಬೇತಿಗೆ ಹೋದಾಗ ಹೆಡ್ ಮೇಡಂ ನಮ್ಮ ತಾಸು ತಗೊಂಡಿದ್ರು. ಅವರೂ ಹ್ವಾದ ವಾರ ಅದೇ ತರಬೇತಿಗೆ ಹೋಗಿದ್ರಂತ್ರಿ."

"ಹೌದು, ಹೋಗಿದ್ರು. ಅದಕ್ಕೇನಾತು?"

"'ನಿಮ್ಮ ಗಣಿತದ ಸರ ಸ್ವಭಾವದಿಂದ ಭಾಳ ಚೊಲೋ ಅದಾರ, ಅಭ್ಯಾಸದಾಗ ಅಷ್ಟ ಸ್ವಲ್ಪ ಹಿಂದ. ಅವರಿಗೂ ಬರ್ತೈತಿ ಅಂತ ನಂಬಿ, ಗಟ್ಟಿ ಪ್ರಶ್ನಿ ಕೇಳ್ರಿ, ಸುಧಾರಿಸ್ತಾರ. ತಪ್ಪಿದ್ರ ನಗಬ್ಯಾಡ್ರಿ, ಬರೋಬ್ಬರಿ ಹೇಳಿದ್ರ ಚಪ್ಪಾಳಿ ಹೊಡೀರಿ' ಅಂದ್ರು. ಅದಕ್ಕ ನಾವೆಲ್ಲಾ ಕೂಡಿ ಆ ಪ್ರಶ್ನಿ ಆರಿಸಿದ್ವಿ."

ಬಸವಂತರಾಯರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಹುಡುಗಿಗೆ ಅವರ ಮುಖ ನೋಡಿ ಕನಿಕರ ಬಂತು.

"ಇವತ್ತ ಭಾಳ ಚಂದ ಹೇಳಿದ್ರಿ ಸರ. ನಾಳಿಗಿ ಸೊನ್ನಿ ತಗೊಂಡೀವ್ರಿ. ಸೊನ್ನಿಲೆ ಯಾಕ ಭಾಗಿಸಾಕ ಬರೂದಿಲ್ಲ ಅಂತ. ರಾತ್ರಿ ಚೊಲೋತ್ನಂಗ ಅಭ್ಯಾಸ ಮಾಡಿ ಬರ್ರಿ," ಎಂದು ಹೇಳಿ ಗೆಳತಿಯರ ಕಡೆ ಓಡಿದಳು.

ಬಸವಂತರಾಯರು ಸಿಟ್ಟಿನಿಂದ ದುಮುಗುಡುತ್ತ ಬಸ್ ನಿಲ್ದಾಣಕ್ಕೆ ಬಂದು ನಿಂತರು. ನಾನು ಅಭ್ಯಾಸದಲ್ಲಿ ಹಿಂದೆಯೇ? ನಾಳೆ ಮೇಡಂಗೆ ಖಡಾಖಂಡಿತ ಹೇಳಿಬಿಡಬೇಕು, ಏನೆಂದರೆ... ಹತ್ತು ರೊಟ್ಟಿಯನ್ನು ಇಬ್ಬರಿಗೆ ಹಂಚಿದರೆ ತಲೆಗೆ ಐದು. ಒಬ್ಬರಿಗೇ ಕೊಟ್ಟರೆ ಹತ್ತು. ಯಾರಿಗೂ ಹಂಚದಿದ್ದರೆ ತಲೆಗೆ ಎಷ್ಟು? ತಲೆಯೇ ಇಲ್ಲವಲ್ಲ! ಅವರು ಕಡ್ಡಿಯೊಂದನ್ನು ಆರಿಸಿಕೊಂಡು ಕುಕ್ಕರುಗಾಲಲ್ಲಿ ಕೂತು, ಧೂಳಿನ ಮೇಲೆ ರೊಟ್ಟಿ ಬರೆಯತೊಡಗಿದರು.

ಸಿಂದಗಿ ಬಸ್ಸು ಬಂತು, ನಿಂತಿತು. "ಸರ, ಹತ್ರಿ ಲಗೂನ!" ಎಂದು ಕಂಡಕ್ಟರ್ ಎರಡು ಸಲ ಕೂಗಿದ. ಬಸ್ಸು ಹೋಯಿತು.