ಏಳು ಸಲ ಮೇಲೆ, ಒಂದು ಎಂಟರ್

ಕಂಪ್ಯೂಟರ್ ಏನನ್ನೂ ಮರೆಯುವುದಿಲ್ಲ ಎಂದು ಎಲ್ಲರೂ ಹೊಗಳುತ್ತಾರೆ. ಪೀಣ್ಯದಲ್ಲಿ ನಾನು ಹೋಗುವ ಕಾರ್ಖಾನೆಯಲ್ಲಿ ಅದು ಮರೆಯದೇ ಇರುವುದರಿಂದಲೇ ತಿಂಗಳಿಗೊಂದು ಫಜೀತಿ.

ನಾನು ಕಾರವಾರದ ಕಡೆಯವಳು. ಮದುವೆಯಾಗಿ ಬೆಂಗಳೂರಿಗೆ ಬಂದು, ದೊಡ್ಡ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ದುಡಿದು ನಿವೃತ್ತಳಾದೆ. ಆಮೇಲೆ ಈ ಸಣ್ಣ ಕಾರ್ಖಾನೆಯವರು ವಾರಕ್ಕೆ ಮೂರು ದಿನ ಬಂದು ಕೂತಿರಿ ಎಂದರು. ಇಲ್ಲಿ ಪೈಪಿನ ಬಿಡಿಭಾಗ ಮಾಡಿ, ಪೆಟ್ಟಿಗೆಗೆ ತುಂಬಿ, ಲೇಬಲ್ ಅಂಟಿಸಿ ಲಾರಿಗೆ ಹಾಕುತ್ತಾರೆ. ಲೇಬಲ್ ಬರುವುದು ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿನಿಂದ. ಅದರಲ್ಲಿ ಚಿತ್ರವಿಲ್ಲ, ಮೌಸ್ ಇಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಆಜ್ಞೆ ಬರೆದು ಎಂಟರ್ ಒತ್ತಬೇಕು.

ಆರು ಸಲ

ಆ ಆಜ್ಞೆಗಳನ್ನು ಬರೆಯಲು ಗೊತ್ತಿದ್ದವರು ನಾನು ಬರುವ ಮೊದಲೇ ಕೆಲಸ ಬಿಟ್ಟಿದ್ದರು. ಆದರೂ ದಿನಾ ಲೇಬಲ್ ಬರುತ್ತಿತ್ತು. ತೆಗೆಯುತ್ತಿದ್ದವಳು ಪ್ಯಾಕಿಂಗ್ ವಿಭಾಗದ ಒಬ್ಬ ಹೆಂಗಸು, ಬಾಗಲಕೋಟೆಯವಳು. ಗುತ್ತಿಗೆಯ ಮೇಲೆ ಸೇರಿದವಳು. ಮೂರು ತಿಂಗಳು ಒಂದು ದಿನವೂ ಲೇಬಲ್ ತಪ್ಪದಿದ್ದರೆ ಕಾಯಂ ಮಾಡುತ್ತೇನೆ, ತಪ್ಪಿದರೆ ಮತ್ತೆ ಗುತ್ತಿಗೆಯೇ ಎಂದು ಮ್ಯಾನೇಜರು ಅವಳಿಗೆ ಹೇಳಿದ್ದರು. ಇಂಗ್ಲಿಷ್ ಅಕ್ಷರ ಅವಳಿಗೆ ಅಷ್ಟಕ್ಕಷ್ಟೆ.

ಮತ್ತೆ ಹೇಗೆ ತೆಗೆಯುತ್ತೀಯ ಎಂದೆ. ಗೋಡೆಗೆ ಅಂಟಿಸಿದ್ದ ಟೇಪಿನ ಬರಹ ತೋರಿಸಿದಳು: "ಮೇಲೆ ೬, ಎಂಟರ್ ೧."

ನಿಂತು ನೋಡಿದೆ. ಮೇಲಿನ ಬಾಣದ ಗುರುತಿನ ಕೀ ಒತ್ತಿದರೆ ಹಿಂದೆ ಕೊಟ್ಟ ಆಜ್ಞೆಗಳು ಒಂದೊಂದಾಗಿ ಬರುತ್ತವೆ. ದಿನದ ಕೆಲಸ ಆರೇ: ಆರ್ಡರ್ ತೆರೆಯುವುದರಿಂದ ಹಿಡಿದು ಲೇಬಲ್, ಲಾರಿ ಚೀಟಿ, ಸ್ಟಾಕ್ ಪಟ್ಟಿಯವರೆಗೆ. ಆರು ಜನ ಸಾಲಿನಲ್ಲಿ ನಿಂತು, ಮುಂದಿದ್ದವರು ತಮ್ಮ ಕೆಲಸ ಮುಗಿಸಿ ಹೋಗಿ ಹಿಂದೆ ನಿಂತರೆ ಹೇಗೋ ಹಾಗೆ. ಯಾವಾಗ ಆರು ಸಲ ಒತ್ತಿದರೂ ಮುಂದಿನ ಕೆಲಸವೇ ಸಿಗುತ್ತದೆ. ನಾನು ಅಷ್ಟು ವರ್ಷ ಕಂಪ್ಯೂಟರ್ ಮುಂದೆ ಕೂತಿದ್ದರೂ ಇದು ಹೊಳೆದಿರಲಿಲ್ಲ.

ಬೆರಗಾಗಿ, ನಾನೂ ನೋಡುತ್ತೇನೆಂದು ಕೈ ಮುಂದೆ ಚಾಚಿದೆ. ಅವಳು ಕೈ ಹಿಡಿದುಕೊಂಡಳು.

"ಅಮ್ಮಾರ, ಬೇಕಾದ್ರ ನನ್ನ ಕುರ್ಚಿ ತಗೋರಿ, ಡಬ್ಬಿಯೊಳಗಿನ ರೊಟ್ಟಿ ತಗೋರಿ. ಅದನ್ನ ಮಾತ್ರ ಮುಟ್ಟಬ್ಯಾಡ್ರಿ."

ಸಾಲಿಗೆ ಸೇರಿದ ಏಳನೆಯವರು

ಎಷ್ಟು ದಿನ ಮುಟ್ಟದಿರಲಿ? ಒಂದು ಮಧ್ಯಾಹ್ನ, ಇನ್ನೇನು ಲೇಬಲ್ ತೆಗೆಯಬೇಕು, ಅವಳು ನೀರು ಕುಡಿಯಲು ಹೋಗಿದ್ದಳು. ಆ ತಿಂಗಳ ಸಂಕಷ್ಟಿಯ ತಾರೀಖು ಗೊತ್ತಿತ್ತು, ಯಾವ ವಾರ ಬರುತ್ತದೆ ಎಂದು ತಿಳಿಯಬೇಕಿತ್ತು ನನಗೆ. ಮೂರಕ್ಷರ ಕುಟ್ಟಿ ಎಂಟರ್ ಒತ್ತಿದರೆ ಆ ಕಂಪ್ಯೂಟರ್ ಕ್ಯಾಲೆಂಡರ್ ತೋರಿಸುತ್ತದೆ. ಕುಟ್ಟಿದೆ, ನೋಡಿದೆ. ಆಮೇಲೆ ಹೊಳೆಯಿತು. ಸಾಲಿನಲ್ಲಿ ಹೊಸಬರೊಬ್ಬರು ಬಂದು ನಿಂತಾಗಿತ್ತು.

ಅವಳು ಬಂದಾಗ ತಪ್ಪೊಪ್ಪಿಕೊಂಡು, ಇನ್ನು ಮೇಲೆ ಏಳು ಸಲ ಒತ್ತು ಎಂದೆ. ಅವಳು ಟೇಪಿನಲ್ಲಿ ೬ ಹೊಡೆದುಹಾಕಿ ೭ ಬರೆದಳು. ಲೇಬಲ್ ಸರಿಯಾಗಿ ಬಂತು.

ಆದರೆ ಮರುದಿನದಿಂದ ಲೇಬಲ್‌ಗೆ ಮುಂಚೆ ದಿನವೂ ಕ್ಯಾಲೆಂಡರ್ ಬರತೊಡಗಿತು. ಅದನ್ನು ಪಟ್ಟಿಯಿಂದ ಅಳಿಸುತ್ತೇನೆಂದರೆ ಅವಳು ಒಪ್ಪಲಿಲ್ಲ. ಇರಲಿ, ಅದು ಬಂದರೆ ಮುಂದಿನದು ಲೇಬಲ್ಲೇ ಎಂದು ಗೊತ್ತಾಗುತ್ತದೆ ಎಂದಳು. ಮ್ಯಾನೇಜರು ಇದೇಕೆ ಕ್ಯಾಲೆಂಡರ್ ಎಂದು ಕೇಳಿದಾಗ, ಅದು ಬರದೆ ಲೇಬಲ್ ಬರುವುದಿಲ್ಲ ಎಂದು ನಿಜವನ್ನೇ ಹೇಳಿದಳು. ಅವರು ತಲೆಯಾಡಿಸಿ, ಕೆಲಸದ ಕ್ರಮ ಬರೆದಿಡುವ ಪುಸ್ತಕದಲ್ಲಿ "ನಾಲ್ಕನೇ ಹಂತ: ಕ್ಯಾಲೆಂಡರ್ ನೋಡುವುದು" ಎಂದು ಸೇರಿಸಿದರು.

ಮುಂದೆ ತಪಾಸಣೆಯವರು ಬಂದರು. ಪುಸ್ತಕ ಓದಿ, ನಾಲ್ಕನೇ ಹಂತದ ಮೇಲೆ ಬೆರಳಿಟ್ಟರು. ನನಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

ಅವರು ಕೇಳಿದ್ದು ಇಷ್ಟೇ: "ನೋಡಿದ್ದಕ್ಕೆ ಸಹಿ ಎಲ್ಲಿ?"

ಅಂದಿನಿಂದ ಕ್ಯಾಲೆಂಡರ್ ನೋಡಿದ್ದಕ್ಕೆ ಸಹಿ ಹಾಕುವ ರಿಜಿಸ್ಟರೊಂದು ಶುರುವಾಯಿತು.

ಎಲೆಕ್ಟ್ರಾನಿಕ್ ಸಿಟಿಯಿಂದ ಬಂದವರು

ಮ್ಯಾನೇಜರ ಪರಿಚಯದ ಎಂಜಿನಿಯರ್ ಒಬ್ಬರು ಎಲೆಕ್ಟ್ರಾನಿಕ್ ಸಿಟಿಯಿಂದ, ಇಡೀ ಊರು ದಾಟಿ, ನಮ್ಮ ಕಂಪ್ಯೂಟರ್ ನೋಡಲು ಬಂದರು. ಟೇಪು ನೋಡಿ ಬಹಳ ಹೊತ್ತು ನಕ್ಕರು.

"ಏಳು ಸಲ ಯಾಕೆ ಒತ್ತುತ್ತೀರಾ ಮೇಡಂ? ಹುಡುಕೋದಕ್ಕೇ ಶಾರ್ಟ್‌ಕಟ್ ಇದೆ. ನಾನಂತೂ ಎಲ್ಲಾ ನನಗೆ ಬೇಕಾದ ಹಾಗೆ ಬದಲಾಯಿಸ್ಕೊಂಡ್ಬಿಟ್ಟಿದ್ದೀನಿ."

ಕೂತು ಎರಡು ಕೀ ಒಟ್ಟಿಗೆ ಒತ್ತಿದರು. ಏನೂ ಆಗಲಿಲ್ಲ. ಇನ್ನೆರಡು ಒತ್ತಿದರು. ಪರದೆಯ ಮೇಲೆ ಒಂದು ವಿಚಿತ್ರ ಚಿಹ್ನೆ ಬಿತ್ತು. ಬಾಗಲಕೋಟೆಯವಳು ಎಂಟರ್ ಕೀ ಮೇಲೆ ತನ್ನ ಅಂಗೈ ಅಡ್ಡ ಇಟ್ಟುಕೊಂಡೇ ನಿಂತಿದ್ದಳು. ಎಂಟರ್ ಒತ್ತದಿದ್ದರೆ ಯಾವುದೂ ಸಾಲಿಗೆ ಸೇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವರು ಬೆವರು ಒರೆಸಿಕೊಂಡು, ತಮ್ಮ ಲ್ಯಾಪ್‌ಟಾಪಿನಲ್ಲಿ ಇದೆಲ್ಲ ತಕ್ಷಣ ಬರುತ್ತದೆ, ಬೇರೆಯವರ ಕಂಪ್ಯೂಟರಿನಲ್ಲಿ ಈಗ ತಮಗೆ ಕೆಲಸ ಮಾಡಲು ಬರುವುದಿಲ್ಲ ಎಂದರು.

"ಇರಲಿ ಬಿಡ್ರಿ ಸರ," ಎಂದಳು ಅವಳು ಸಮಾಧಾನದಿಂದ. "ನಾನೂ ಮೊದಲನೇ ದಿನ ಹಿಂಗ ಇದ್ನಿ."

ಕೊನೆಯ ಶನಿವಾರ

ಅವರು ಹೋದರು, ನನಗೆ ತುರಿಕೆ ಹತ್ತಿತು. ಬಾಣದ ಕೀಗೆ ಇನ್ನೊಂದು ಬುದ್ಧಿ ಕಲಿಸಬಹುದೆಂದು ನೆನಪಾಯಿತು. ಮೊದಲಕ್ಷರ ಕುಟ್ಟಿ ಬಾಣ ಒತ್ತಿದರೆ, ಆ ಅಕ್ಷರದಿಂದ ಶುರುವಾಗುವ ಹಳೆಯ ಆಜ್ಞೆ ಮಾತ್ರ ಬರಬೇಕು. ಇವಳ ಸಾಲಿಗೆ ಧಕ್ಕೆಯಾಗದಂತೆ ಬೇರೆ ಹೆಸರಿನಲ್ಲಿ ಲಾಗಿನ್ ಆಗಿ, ಎಲ್ಲರಿಗೂ ಅನ್ವಯಿಸುವ ಸೆಟ್ಟಿಂಗ್ಸ್ ಕಡತದಲ್ಲಿ ಎರಡು ಸಾಲು ಬರೆದೆ.

ಅವಳು ಕೇಳಿದ್ದು ಒಂದೇ: ಏನೂ ಕುಟ್ಟದೆ ಬಾಣ ಒತ್ತಿದರೆ ಮೊದಲಿನ ಹಾಗೇ ಬರುತ್ತದೆಯೇ? ಬರುತ್ತದೆ ಎಂದೆ. ಹಾಗಾದರೆ ಇದ್ದರೆ ಇರಲಿ ಎಂದು ಅಕ್ಷರಗಳ ಕಡೆ ನೋಡದೆ ಏಳು ಎಣಿಸತೊಡಗಿದಳು.

ಮೂರು ತಿಂಗಳ ಕೊನೆಯ ದಿನ ಶನಿವಾರ. ನನಗೆ ರಜೆ, ದಾಸರಹಳ್ಳಿಯ ಮನೆಯಲ್ಲಿದ್ದೆ. ಮೂರೂವರೆಗೆ ಫೋನು. ಲೇಬಲ್ ಇಲ್ಲ, ನಾಲ್ಕಕ್ಕೆ ಲಾರಿ ಹೊರಡುತ್ತದೆ.

ಆದದ್ದು ಇದು. ಊಟದ ಹೊತ್ತಿಗೆ ಕರೆಂಟ್ ಹೋಗುತ್ತದೆಂದು ಸುದ್ದಿ ಬಂದು, ಮ್ಯಾನೇಜರು ಕಂಪ್ಯೂಟರನ್ನು ಕ್ರಮಬದ್ಧವಾಗಿ ಮುಚ್ಚಲು ತಾವೇ ಆಜ್ಞೆ ಬರೆದಿದ್ದರು. ಮೊದಲ ಸಲ ಕಾಗುಣಿತ ತಪ್ಪಿ, ಎರಡನೇ ಸಲ ಸರಿ ಬರೆದಿದ್ದರು. ತಪ್ಪು ಬರೆದದ್ದನ್ನೂ ಅದು ಮರೆಯುವುದಿಲ್ಲವಲ್ಲ. ಸಾಲಿನಲ್ಲಿ ಒಮ್ಮೆಲೇ ಇಬ್ಬರು ಸೇರಿದ್ದರು. ಕರೆಂಟ್ ಬಂದ ಮೇಲೆ ಇವಳು ಕ್ಯಾಲೆಂಡರ್ ಬರಲೆಂದು ಏಳು ಸಲ ಒತ್ತಿದರೆ ಲಾರಿ ಚೀಟಿ ಬಂದಿತ್ತು.

"ಅಮ್ಮಾರ, ಎಂಟ್ ಒತ್ಲ್ಯಾ, ಒಂಬತ್ತ್ ಒತ್ಲ್ಯಾ?" ಎಂದಳು ಫೋನಿನಲ್ಲಿ. "ಇವತ್ತ ತಪ್ಪಿದ್ರ ನಂದ್ ಮುಗೀತು."

ಲೆಕ್ಕ ಹಾಕಿದರೆ ನನ್ನದೂ ತಪ್ಪುತ್ತದೆ. ಸಾಲಿನಲ್ಲಿ ಎಲ್ಲೋ ಕಂಪ್ಯೂಟರ್ ಮುಚ್ಚುವ ಆಜ್ಞೆಯೂ ನಿಂತಿದೆ. ಎಣಿಸಬೇಡ ಎಂದೆ. ದೊಡ್ಡ ಪೆಟ್ಟಿಗೆಯ ಮೇಲೆ ಯಾವ ಇಂಗ್ಲಿಷ್ ಅಕ್ಷರ ಇರುತ್ತದೆ ಎಂದು ಕೇಳಿದೆ.

"ಎಲ್ಲು."

"ಲೇಬಲ್ಲಿನ ಆಜ್ಞೆ ಶುರುವಾಗೋದೂ ಅದರಿಂದಲೇ, ಅದನ್ನ ಕುಟ್ಟು. ಈಗ ಬಾಣ, ಒಂದೇ ಸಲ. ಉದ್ದದ ಸಾಲು ಬಂತಾ?"

ಬಂತು ಎಂದಳು, ಎಂಟರ್ ಒತ್ತು ಎಂದೆ. ಆಮೇಲೆ ಪ್ರಿಂಟರಿನ ಕಿರಕಿರ ಫೋನಿನಲ್ಲೇ ಕೇಳಿಸಿತು. ನಾಲ್ಕಕ್ಕೆ ಐದು ನಿಮಿಷವಿರುವಾಗ ಕೊನೆಯ ಪೆಟ್ಟಿಗೆ ಲಾರಿ ಏರಿತಂತೆ.

ಮುಂದಿನದು ಸೋಮವಾರ ಅವಳೇ ಹೇಳಿದ್ದು. ಶನಿವಾರ ಸಂಜೆಯೇ ಮ್ಯಾನೇಜರು ಕರೆದು, ಕಾಯಂ ಪತ್ರ ಮುಂದಿಟ್ಟು, ಸಹಿ ಮಾಡಮ್ಮ ಎಂದರಂತೆ. ಇವಳು ಪೆನ್ನು ಮುಟ್ಟದೆ ಕಂಕುಳಲ್ಲಿದ್ದ ರಿಜಿಸ್ಟರ್ ತೆಗೆದು ಪತ್ರದ ಮೇಲಿಟ್ಟಳು. ಸುಳ್ಳು ಹೇಳಿ ಕಾಯಂ ಆಗಲು ಅವಳಿಗೆ ಮನಸ್ಸಿರಲಿಲ್ಲ.

"ಸರ, ಇವತ್ತ ಲೇಬಲ್ ಬಂದಾವ್ರಿ. ಆದ್ರ ಕ್ಯಾಲೆಂಡರ್ ನೋಡಿಲ್ರಿ. ನಾಲ್ಕನೇ ಹಂತ ತಪ್ಪೇತಿ."

ಮ್ಯಾನೇಜರು ರಿಜಿಸ್ಟರನ್ನೂ ಪತ್ರವನ್ನೂ ಎರಡೆರಡು ಸಲ ನೋಡಿದರಂತೆ. ಆಮೇಲೆ ಗಂಭೀರವಾಗಿ ಎದ್ದು, ಅವಳನ್ನು ಕರೆದುಕೊಂಡು ಹೋಗಿ ಕ್ಯಾಂಟೀನಿನ ಗೋಡೆಯಲ್ಲಿದ್ದ ಕ್ಯಾಲೆಂಡರ್ ಮುಂದೆ ನಿಲ್ಲಿಸಿ, ಇಬ್ಬರೂ ಅದನ್ನು ಚೆನ್ನಾಗಿ ನೋಡಿ ಬಂದು, ಮೊದಲು ರಿಜಿಸ್ಟರಿಗೆ ಸಹಿ ಹಾಕಿದರು.