ಮಾಮಿಯ ಪಿನ್ಯಾ ಕೊಲಾಡ

ಬಾಟಲಿ ಒಡೆಯಬಹುದಿತ್ತು. ಮೂಡುಬಿದಿರೆಯಿಂದ ಬಂಟ್ವಾಳದವರೆಗಿನ ಅಷ್ಟೂ ಹಂಪ್‌ಗಳಲ್ಲಿ ಯಾವುದಾದರೊಂದು ಹಂಪ್ ಹಾರಿದಾಗ ಅದು ಸ್ಕೂಟರಿನ ಡಿಕ್ಕಿಯೊಳಗೇ ಚೂರಾಗಿ, ನಾನು ದಾರಿಯುದ್ದಕ್ಕೂ ರಮ್ಮಿನ ಪರಿಮಳ ಬೀರುತ್ತಾ ಹೋಗಬಹುದಿತ್ತು. ಪೊಲೀಸರು ಕೈ ಅಡ್ಡ ಹಿಡಿದು "ಊದಿ" ಎನ್ನಬಹುದಿತ್ತು. ಗಾಬರಿಯಲ್ಲಿ ನಾನು ಊದುವ ಬದಲು ಎಳೆದುಕೊಳ್ಳಬಹುದಿತ್ತು. ಕರೆಂಟು ಹೋಗಬಹುದಿತ್ತು. ಮಿಕ್ಸಿ ಸುಡಬಹುದಿತ್ತು. ತೆಂಗಿನ ಹಾಲು ಒಡೆದು ಮೊಸರಾಗಬಹುದಿತ್ತು. ಮಾವನ ಸಕ್ಕರೆ ಏರಬಹುದಿತ್ತು ಅಥವಾ ಇಳಿಯಬಹುದಿತ್ತು; ಎರಡೂ ಒಂದೇ ಸಲ ಆಗುವುದಿಲ್ಲ ಎಂದು ಡಾಕ್ಟರು ಹೇಳಿದರೂ ನಾನು ಎರಡಕ್ಕೂ ತಯಾರಾಗಿಯೇ ಇದ್ದೆ. ಮಾಮಿ ರುಚಿ ನೋಡುವ ನೆಪದಲ್ಲಿ ಒಂದು ಲೋಟ ಏರಿಸಿ ತಮ್ಮೂರು ನರಿಕೊಂಬಿನ ಓಣಿಯಲ್ಲಿ ತುಳು ಪಾಡ್ದನ ಹಾಡುತ್ತಾ ನಿಲ್ಲಬಹುದಿತ್ತು!

ಒಂದೂ ಆಗಲಿಲ್ಲ. ಆದದ್ದು ಬೇರೆಯೇ ಒಂದು, ತೀರಾ ಚಿಕ್ಕದು. ಅದನ್ನು ಹೇಳಬೇಕಾದರೆ ಮೊದಲು ಮಾಮಿಯನ್ನು ಹೇಳಬೇಕು.

ನನ್ನ ಮಾಮಿ ಎಂದರೆ ಸೋದರಮಾವನ ಹೆಂಡತಿ. ಎಪ್ಪತ್ತು ದಾಟಿದವರು, ಜೀವಮಾನದಲ್ಲಿ ಒಂದು ಹನಿ ಮದ್ಯ ನಾಲಿಗೆಗೆ ತಾಗಿಸಿದವರಲ್ಲ. ಆದರೂ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲೂಕುಗಳಲ್ಲಿ ಪಿನ್ಯಾ ಕೊಲಾಡ ಮಾಡುವುದರಲ್ಲಿ ಅವರನ್ನು ಮೀರಿಸುವವರು ಇಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ. ಬೇರೆ ಯಾರಾದರೂ ಮಾಡಿದ್ದು ನಾನು ಕೇಳಿಲ್ಲ ಎನ್ನುವುದು ಬೇರೆ ಮಾತು. ಪಿನ್ಯಾ ಕೊಲಾಡ ಎಂದರೆ ಹೆದರಬೇಡಿ. ಅನಾನಸು, ತೆಂಗಿನ ಹಾಲು, ಐಸು. ನಮ್ಮೂರಿನ ಯಾವ ಸಭ್ಯ ಮನೆಯಲ್ಲೂ ಸಿಗುವಂಥದ್ದು. ಸಭ್ಯತೆಗೆ ತೊಂದರೆ ಕೊಡುವುದು ಅದಕ್ಕೆ ಹಾಕುವ ಬಿಳಿ ರಮ್ಮು ಮಾತ್ರ.

ಮಾಮಿ ಬೆಳ್ತಂಗಡಿ ಕಡೆಯ ಆರೋಗ್ಯ ಕೇಂದ್ರಗಳಲ್ಲಿ ನರ್ಸ್ ಆಗಿದ್ದವರು. ಎಷ್ಟು ಹೆರಿಗೆ ಮಾಡಿಸಿದ್ದಾರೋ ಅವರಿಗೇ ಲೆಕ್ಕವಿಲ್ಲ. ನಿವೃತ್ತರಾದದ್ದು ಸರಕಾರದ ಕಾಗದದಲ್ಲಿ ಅಷ್ಟೆ. ಮಾವ ಹಡಗಿನ ಮನುಷ್ಯ. ದೇಶವಿದೇಶದವರನ್ನು ಹತ್ತಿಸಿಕೊಂಡು ತಿರುಗುವ ದೊಡ್ಡ ಹಡಗುಗಳಲ್ಲಿ ಬಾರಿನ ಹಿಂದೆ ನಿಂತು ಪಾನೀಯ ಬೆರೆಸುವ ಕೆಲಸ. ವರ್ಷಕ್ಕೆ ಎಂಟು ತಿಂಗಳು ಸಮುದ್ರ, ನಾಲ್ಕು ತಿಂಗಳು ನರಿಕೊಂಬು. ಈಗ ಹನ್ನೆರಡು ತಿಂಗಳೂ ನರಿಕೊಂಬೇ.

ಎರಡು ವರ್ಷದ ಹಿಂದೆ ಮಾವನಿಗೆ ಒಂದು ಜ್ವರ ಬಂತು. ಜ್ವರ ಬಿಟ್ಟು ಹೋಯಿತು, ಹೋಗುವಾಗ ಮೂಗನ್ನೂ ನಾಲಿಗೆಯನ್ನೂ ಕಟ್ಟಿಕೊಂಡು ಹೋಯಿತು. ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಡಾಕ್ಟರು ಪರೀಕ್ಷೆ ಮಾಡಿ, "ಕೆಲವರಿಗೆ ಬರ್ತದೆ, ಕೆಲವರಿಗೆ ಇಲ್ಲ. ಪರಿಚಯದ ವಾಸನೆಗಳನ್ನು ದಿನಾ ತೋರಿಸಿ, ಕಾದು ನೋಡುವ" ಎಂದರು. ಮಾವ ಎರಡು ವರ್ಷ ಊಟವನ್ನು ಅರ್ಜಿ ತುಂಬಿಸುವವರ ಹಾಗೆ ತುಂಬಿಸಿದರು. ಏನು ಬಡಿಸಿದರೂ "ಆದೀತು." ಹೇಗುಂಟು ಎಂದರೂ "ಆದೀತು." ಅಂಗಿಯ ಕಾಲರಿನೊಳಗೆ ಕುತ್ತಿಗೆ ಸಡಿಲವಾಗುತ್ತಾ ಬಂತು.

"ಗೋಡೆಗೆ ಬಡಿಸಿದ ಹಾಗೆ ಆಗ್ತದೆ ಮಗಾ," ಎಂದು ಮಾಮಿ ನನ್ನಲ್ಲಿ ಒಮ್ಮೆ ಹೇಳಿದ್ದರು. ಒಮ್ಮೆ ಮಾತ್ರ. ಮಾಮಿ ದುಃಖವನ್ನು ಎರಡು ಸಲ ಹೇಳುವ ಪೈಕಿ ಅಲ್ಲ. ಎರಡನೆಯ ಸಲಕ್ಕೆ ಕಾರ್ಯಕ್ರಮ ಹಾಕಿಕೊಳ್ಳುವ ಪೈಕಿ. (ನಮ್ಮ ಮನೆಮಾತು ತುಳು. ಓದುವವರಿಗಾಗಿ ಕನ್ನಡಕ್ಕೆ ತಿರುಗಿಸಿದ್ದೇನೆ. ಬೈಗುಳಗಳು ಸ್ವಲ್ಪ ಸಪ್ಪೆಯಾಗಿದ್ದರೆ ತಪ್ಪು ನನ್ನದು, ಮಾಮಿಯದ್ದಲ್ಲ.)

ಕಾರ್ಯಕ್ರಮ ಎಂದರೆ ಅಂತಿಂಥದ್ದಲ್ಲ! ದಿನಾ ಬೆಳಿಗ್ಗೆ ಏಳಕ್ಕೆ ಮಾವನಿಗೆ ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ನಾಲ್ಕು ಚಿಕ್ಕ ಕುಪ್ಪಿಗಳು: ಲವಂಗ, ಲಿಂಬೆ, ಕರ್ಪೂರ, ಕಾಫಿಪುಡಿ. ಲಸಿಕೆಯ ದಾಖಲೆಯಂತೆ ಪುಸ್ತಕದಲ್ಲಿ ಗುರುತು. ಒಂದು ದಿನ ನನ್ನೆದುರಿಗೇ ಪರೀಕ್ಷೆ ನಡೆಯಿತು.

"ಇದು ಎಂತದು?"

"ಕರ್ಪೂರ."

"ಇದು?"

"ಕರ್ಪೂರ."

"ನಾಲ್ಕೂ ಕರ್ಪೂರವಾ? ನಾನೇನು ಇಲ್ಲಿ ಮಂಗಳಾರತಿ ಮಾಡ್ತಾ ಇದ್ದೇನಾ?"

ಮಾವ ಕಣ್ಣು ಮುಚ್ಚಿಕೊಂಡೇ ಹೇಳಿದರು, "ಎಲ್ಲದಕ್ಕೂ ಕರ್ಪೂರ ಅಂದರೆ ನಾಲ್ಕರಲ್ಲಿ ಒಂದಾದರೂ ಸರಿ ಆಗ್ತದಲ್ಲ ಮಾರಾಯ್ತಿ."

ಇಪ್ಪತ್ತೈದು ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನಗೆ ಈ ಉಪಾಯ ಹೊಸದಲ್ಲ. ಆದರೆ ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ವಿದ್ಯಾರ್ಥಿಯನ್ನು ಮೊದಲ ಬಾರಿ ನೋಡಿದೆ.

ಕುಪ್ಪಿ ಸೋತಿತು. ಮಾಮಿ ಸೋಲಲಿಲ್ಲ. ಮಧ್ಯಾಹ್ನ ಮಲಗಿದ್ದ ಮಾವನ ತಲೆದಿಂಬಿನ ಪಕ್ಕ ಒಣಮೀನಿನ ಕಟ್ಟೊಂದನ್ನು ಬಿಚ್ಚಿಟ್ಟರು. ನಿದ್ದೆಯಲ್ಲಿ ಮೂಗು ಮೋಸ ಮಾಡುವುದಿಲ್ಲವಂತೆ! ಮಾವ ಏಳಲಿಲ್ಲ. ಆಚೆ ಮನೆಯ ಬೆಕ್ಕುಗಳು ಎರಡು ಬಂದವು. ಹಲಸಿನ ಹಣ್ಣನ್ನು ಅವರ ಕುರ್ಚಿಯ ಕಾಲಬುಡದಲ್ಲೇ ಕೊಯ್ದರು. ಓಣಿಯ ಕೊನೆಯ ಮನೆಯವರು ಪಾತ್ರೆ ಹಿಡಿದುಕೊಂಡು ಬಂದು, "ಪರಿಮಳ ಅಲ್ಲಿವರೆಗೆ ಬಂತು ಅಕ್ಕ" ಎಂದರು. ಮಾವ ಪೇಪರ್ ಓದುತ್ತಾ ಇದ್ದರು.

ಹೀಗಿರುವಾಗ ಒಂದು ದಿನ ಬಿ.ಸಿ. ರೋಡಿನಲ್ಲಿ ಅನಾನಸಿನ ಗಾಡಿ ನೋಡಿ ಮಾವ ತಾವಾಗಿಯೇ ನಿಂತರಂತೆ. ನಿಂತು, "ಇದರದ್ದು ಪಿನ್ಯಾ ಕೊಲಾಡ ಅಂತ, ಹಡಗಿನಲ್ಲಿ ಕೈ ಬಿಡುವು ಇಲ್ಲದಷ್ಟು ಮಾಡ್ತಿದ್ದೆ. ಕಣ್ಣು ಮುಚ್ಚಿಕೊಂಡು ವಾಸನೆಯಲ್ಲೇ ಅಳತೆ ಹೇಳ್ತಿದ್ದೆ" ಎಂದರಂತೆ. 'ಆದೀತು' ಎನ್ನುವ ಮನುಷ್ಯನ ಬಾಯಲ್ಲಿ ಎರಡು ವರ್ಷದಲ್ಲಿ ಬಂದ ಅತಿ ಉದ್ದದ ಮಾತು! ಅದೇ ದಿನ ಮಾಮಿಯ ಫೋನು ಬಂತು.

"ಮಗಾ, ರಮ್ಮು ತರ್ತೀಯಾ?"

ನಾನು ನಿಂತಲ್ಲೇ ಕುಳಿತೆ. "ಯಾರಿಗೆ ಮಾಮಿ?"

"ಮೂಗಿಗೆ. ಪರಿಚಯದ ವಾಸನೆ ತೋರಿಸಿ ಅಂತ ಡಾಕ್ಟರು ಹೇಳಿದ್ದಲ್ವಾ? ಇಪ್ಪತ್ತು ವರ್ಷ ಹಡಗಿನಲ್ಲಿ ಇದ್ದವರಿಗೆ ನಾನು ಲವಂಗ ತೋರಿಸಿದ್ದೇ ತಪ್ಪು. ಒಂದು ಗ್ಲಾಸಿಗೆ ತೊಂದರೆ ಇಲ್ಲ ಅಂತ ಡಾಕ್ಟರಲ್ಲಿ ಕೇಳಿ ಆಗಿದೆ. ಇದು ಕಡೆಯದ್ದು ಮಗಾ. ಇದಕ್ಕೂ ಬರದಿದ್ದರೆ ಪುಸ್ತಕ ಮುಚ್ಚಿ ಇಡ್ತೇನೆ."

ಮಾಮಿಯ ಬಾಯಲ್ಲಿ 'ಮುಚ್ಚಿ ಇಡ್ತೇನೆ' ಎನ್ನುವ ಮಾತನ್ನು ನಾನು ಅದಕ್ಕೆ ಮೊದಲು ಕೇಳಿದವನಲ್ಲ. ತರ್ತೇನೆ ಎಂದೆ.

ಮೂಡುಬಿದಿರೆಯ ವೈನ್‌ಶಾಪಿಗೆ ನಾನು ಹೆಲ್ಮೆಟ್ ತೆಗೆಯದೆ ಹೋದೆ. ಶಾಲೆಯಲ್ಲಿ ಪ್ರತಿವರ್ಷ 'ಮದ್ಯಪಾನದ ದುಷ್ಪರಿಣಾಮಗಳು' ಪ್ರಬಂಧಸ್ಪರ್ಧೆಗೆ ತೀರ್ಪುಗಾರ ನಾನೇ. ಹೆಲ್ಮೆಟ್ ಇಲ್ಲದೆ ಹೋಗುವುದುಂಟೇ? ಗಾಜನ್ನೂ ಕೆಳಗೆ ಎಳೆದು, ಸ್ವರ ಬದಲಿಸಿ, "ಬಿಳಿ ರಮ್ಮು" ಎಂದೆ. ಕೌಂಟರಿನವನು ಮೇಲೆ ತೋರಿಸಿದ. "ಹೆಲ್ಮೆಟ್ ತೆಗೀರಿ, ಕ್ಯಾಮೆರಾ ಉಂಟು." ತೆಗೆದೆ.

"ಓ, ನಮ್ಮ ಸರ್! ಗುರುತು ಸಿಗಲಿಲ್ವಾ ಸರ್? ಒಂಬತ್ತನೇ ಕ್ಲಾಸಿನಲ್ಲಿ ಮದ್ಯಪಾನದ ಪ್ರಬಂಧಕ್ಕೆ ನನಗೆ ಹತ್ತರಲ್ಲಿ ನಾಲ್ಕು ಕೊಟ್ಟಿದ್ರಿ!"

"ಇದು ನನಗಲ್ಲ ಮಾರಾಯ," ಎಂದೆ. "ನನ್ನ ಮಾಮಿಗೆ."

"ಮಾಮಿಗಾ!" ಸರದಿಯಲ್ಲಿದ್ದ ಐದಾರು ಜನ ತಿರುಗಿ ನೋಡಿದರು. ಸತ್ಯ ಹೇಳಿ ಇಷ್ಟು ಕೆಟ್ಟ ಹೆಸರು ಸಂಪಾದಿಸಿದವರು ಲೋಕದಲ್ಲಿ ಬೇರೆ ಇರಲಾರರು. ಬಿಳಿ ರಮ್ಮಿಗೆ ನಮ್ಮ ಊರಲ್ಲಿ ಗಿರಾಕಿ ಕಡಿಮೆಯಂತೆ. ಅವನು ಅಟ್ಟದಿಂದ ಬಾಟಲಿ ಇಳಿಸಿ, ಧೂಳು ಒರೆಸಿ, ಎರಡೂ ಕೈಯಲ್ಲಿ ಪ್ರಸಾದದ ಹಾಗೆ ಕೊಟ್ಟ. ದಾರಿಯಲ್ಲಿ ಪೊಲೀಸರು ಹಿಡಿಯದಿದ್ದರೆ ಹೂವಿನ ಪೂಜೆ ಮಾಡಿಸುತ್ತೇನೆಂದು ಪೊಳಲಿಯ ದೇವಿಗೆ ಹೇಳಿಕೊಂಡು ಸ್ಕೂಟರ್ ಹೊರಡಿಸಿದೆ. ಪೂಜೆ ಯಾವ ಕಾರ್ಯಕ್ಕೆ ಎಂದು ಭಟ್ಟರು ಕೇಳಿದರೆ ಏನು ಹೇಳುವುದೆಂಬ ಚಿಂತೆ ಸಿದ್ಧಕಟ್ಟೆ ದಾಟುವಾಗ ಹತ್ತಿತು.

ಅನಾನಸಿಗೆ ಮುಂಡಾಜೆಯೇ ಆಗಬೇಕೆಂದು ಮಾಮಿಯ ಹಟ. ಗಾಡಿಯ ಹಣ್ಣು ನಿನ್ನೆಯದ್ದಂತೆ. ಮರುದಿನ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದರು. ರಬ್ಬರ್ ಗಿಡಗಳ ನಡುವೆ ಅನಾನಸು ನೆಟ್ಟಿದ್ದ ಒಬ್ಬ ಮನುಷ್ಯ, ನನ್ನದಕ್ಕಿಂತಲೂ ದಪ್ಪ ಮೀಸೆ, ಕೈಯಲ್ಲಿ ಕತ್ತಿ, ಎದುರಿಗೆ ಬಂದ. ಮಾಮಿ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ನೀನು ಕಾಲು ಮುಂದೆ ಮಾಡಿ ಬಂದವನಲ್ವಾ?"

ಮೀಸೆಯವನು ಕತ್ತಿ ಕೆಳಗಿಟ್ಟು ಕೈ ಕಟ್ಟಿ ನಿಂತ. "ಹೌದು ಸಿಸ್ಟರ್. ಅಮ್ಮ ಹೇಳ್ತಾ ಇರ್ತಾರೆ."

"ಎರಡು ಗಂಟೆ ಸತಾಯಿಸಿದ್ದಿ. ಆರು ಹಣ್ಣು ಕೊಡು."

ಬೆಳ್ತಂಗಡಿ ತಾಲೂಕಿನಲ್ಲಿ ಈ ಹೆಂಗಸಿಗೆ ಇಲ್ಲ ಎನ್ನಬಲ್ಲವರು ಎಷ್ಟು ಜನ? ಅರ್ಧ ಜನರ ಮೊದಲ ಅಳುವನ್ನು ಕೇಳಿದವರು ಅವರು!

ಮಾಡುವ ದಿನ ಭಾನುವಾರ. ಹೊತ್ತು ಸಾಯಂಕಾಲ ನಾಲ್ಕು, ಚಾಯದ ಸಮಯ. ನಾನು ಹನ್ನೊಂದಕ್ಕೇ ಅಲ್ಲಿದ್ದೆ. ಮಾಮಿಗೆ ವಿಧಾನ ತೋರಿಸಲು ಫೋನಿನಲ್ಲಿ ಒಂದು ವಿಡಿಯೊ ಹಾಕಿದೆ. ಅದರಲ್ಲೊಬ್ಬ ಡಬ್ಬ ಒಡೆದು ತೆಂಗಿನ ಹಾಲು ಸುರಿದ.

"ಡಬ್ಬದ ಹಾಲಾ? ಆ ದೇಶದಲ್ಲಿ ತೆಂಗಿನ ಮರ ಇಲ್ವಾ?"

"ಉಂಟಂತೆ ಮಾಮಿ, ಬೇಕಾದಷ್ಟು."

"ಹಾಗಾದರೆ ಅಲ್ಲಿಯೂ ಹತ್ತುವವರು ಸಿಗುವುದಿಲ್ಲ ಕಾಣ್ತದೆ, ಪಾಪ."

ಎರಡು ತೆಂಗಿನಕಾಯಿ ತುರಿದು, ನೀರು ಮುಟ್ಟಿಸದೆ ಮೊದಲ ಹಾಲು ಹಿಂಡಿದರು. ಗಟ್ಟಿ, ಬೆಳ್ಳಗೆ, ಚಮಚ ನಿಲ್ಲಿಸಿದರೆ ನಿಲ್ಲುವಂಥದ್ದು. ಐಸು ಬಿ.ಸಿ. ರೋಡಿನಿಂದ ನಾನು ತಂದದ್ದು, ಲಸಿಕೆ ಒಯ್ಯುವಂಥದ್ದೇ ಒಂದು ನೀಲಿ ಡಬ್ಬಿಯಲ್ಲಿ. "ಹೊರಗೆ ಎಲ್ಲಿಯೂ ಮುಚ್ಚಳ ತೆಗೆಯಲಿಲ್ಲ ಅಲ್ವಾ? ತಂಪು ಕಡಿಯಬಾರದು," ಎಂದು ಎರಡು ಸಲ ಕೇಳಿದರು. ಐಸನ್ನು ಹಳೆ ಬೈರಾಸು ಬಟ್ಟೆಯಲ್ಲಿ ಸುತ್ತಿ ಗುಂಡುಕಲ್ಲಿನಿಂದ ಜಜ್ಜಿದ್ದು ನಾನು. ಎರಡು ಏಟು ಐಸಿಗೆ, ಒಂದು ಹೆಬ್ಬೆರಳಿಗೆ. ರಮ್ಮನ್ನು ಮಾಮಿ ಸೂಜಿಯಿಲ್ಲದ ಸಿರಿಂಜಿನಲ್ಲಿ ಎಳೆದರು. ಸರಿಯಾಗಿ ಮೂವತ್ತು ಮಿಲಿ. ಸಿರಿಂಜನ್ನು ಬೆಳಕಿಗೆ ಹಿಡಿದು ಬೆರಳಿನಿಂದ ಟಪ್ ಟಪ್ ಎಂದು ತಟ್ಟಿದರು.

"ಅದು ಯಾಕೆ ಮಾಮಿ?"

"ಗುಳ್ಳೆ ಹೋಗದೆ ಕೊಡ್ಲಿಕ್ಕಿಲ್ಲ ಮಾರಾಯ."

ನಾನು ಬಾಯಿ ತೆರೆದು ನೋಡುತ್ತಾ ನಿಂತಿದ್ದೆ. ಹೆಸರು ಉಚ್ಚರಿಸಲು ಬಾರದ, ಕಂಡಿಲ್ಲದ, ಕುಡಿದಿಲ್ಲದ ಒಂದು ವಸ್ತುವನ್ನು, ತಾನು ಕಾಲಿಟ್ಟಿಲ್ಲದ ಹಡಗೊಂದರಿಂದ ಈ ಹೆಂಗಸು ನರಿಕೊಂಬಿನ ಅಡುಗೆಮನೆಗೆ ಇಳಿಸುತ್ತಿದ್ದರು. ಒಂದು ಹನಿಯೂ ಆಚೀಚೆ ಚೆಲ್ಲಲಿಲ್ಲ. ಮಿಕ್ಸಿ ಗರ್ ಎಂದಿತು. ನಾನು ಪ್ಲಗ್ಗಿನ ಹತ್ತಿರ ಕೈ ಇಟ್ಟುಕೊಂಡು, ಹೊಗೆ ಬಂದರೆ ಕೀಳಲು ಸಿದ್ಧನಾಗಿ ನಿಂತಿದ್ದೆ. ಹೊಗೆ ಬರಲಿಲ್ಲ. ಉದ್ದದ ಗಾಜಿನ ಲೋಟಕ್ಕೆ ಸುರಿದರು. ಮೋಡದಂಥ ನೊರೆ, ಕೆಳಗೆ ತೆಳು ಹಳದಿ, ಅಂಚಿನಲ್ಲಿ ಅನಾನಸಿನ ಒಂದು ತುಂಡು. ಅಡುಗೆಮನೆಯಲ್ಲಿ ಅಂಥದ್ದೊಂದು ಇದೆಯೆಂದರೆ ನಂಬುವುದೇ ಕಷ್ಟ. ಆದರೆ ಲೋಟ ಎತ್ತಿಕೊಂಡು ಚಾವಡಿಯ ಹೊಸ್ತಿಲು ದಾಟುವಾಗ ಇನ್ನೊಂದು ಕೈಯನ್ನೂ ಅದರ ಅಡಿಗೆ ಕೊಟ್ಟರು. ನಾನು ನೋಡಿದೆ. ನೋಡದವನ ಹಾಗೆ ಹೆಬ್ಬೆರಳು ಚೀಪುತ್ತಾ ಹಿಂದೆ ಹೋದೆ.

ಮಾವ ಪೇಪರ್ ಮಡಚಿದರು. ಲೋಟವನ್ನು ಕೈಗೆ ತೆಗೆದುಕೊಂಡರು. ಆಮೇಲೆ ಅವರ ಬೆರಳುಗಳು, ಯಾರೂ ಹೇಳದೆ, ಓರೆಯಾಗಿದ್ದ ಅನಾನಸಿನ ತುಂಡನ್ನು ನೆಟ್ಟಗೆ ಮಾಡಿದವು.

"ಇದು ಎಂತ ಮಾಡಿದ್ದು ನೀನು?"

"ಕುಡೀರಿ. ಮತ್ತೆ ಮಾತಾಡುವ."

ಕುಡಿದರು. ಒಂದು ಗುಟುಕು. ಮಾಮಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಾಗಿಲಿಗೆ ಒರಗಿ ನಿಂತಿದ್ದರು. ಮಾವ ಇನ್ನೊಂದು ಗುಟುಕು ಕುಡಿದರು. ಅವರ ತುಟಿಯಲ್ಲಿ 'ಆದೀತು' ಮೂಡುವುದನ್ನು ನೋಡಲಾರದೆ ನಾನು ಅಂಗಳದ ಕಡೆ ಮುಖ ತಿರುಗಿಸಿದೆ.

"ಏ, ಇಲ್ಲಿ ಬಾ," ಎಂದು ಮಾವ ಮಾಮಿಯನ್ನು ಕರೆದರು. "ಇದನ್ನು ಕಡೆದ ಜಾರಿನಲ್ಲಿ ಬೆಳಿಗ್ಗೆ ಎಂತ ಕಡೆದದ್ದು?"

"ನಿಮ್ಮ ಈ ಅಳಿಯ ಬರ್ತಾನೆ ಅಂತ ಕೋಳಿ ಗಸಿಗೆ ಮಸಾಲೆ. ಯಾಕೆ?"

"ಸರಿ ತೊಳೀಲಿಲ್ಲ ನೀನು. ಬೆಳ್ಳುಳ್ಳಿ ವಾಸನೆ ಬರ್ತಾ ಉಂಟು."

ನಾನು ಅಡುಗೆಮನೆಗೆ ಓಡಿ ಜಾರಿಗೆ ಮೂಗು ಹಾಕಿದೆ. ಇತ್ತು! ಅನಾನಸಿನ ಅಡಿಯಲ್ಲಿ, ತೆಂಗಿನ ಹಾಲಿನ ಅಡಿಯಲ್ಲಿ, ಎಲ್ಲೋ ಪಾತಾಳದಲ್ಲಿ, ಒಂದು ಎಸಳು ಬೆಳ್ಳುಳ್ಳಿ. ವಾಪಸು ಬಂದಾಗ ಮಾಮಿ ಮಾವನ ಕುರ್ಚಿಯ ಪಕ್ಕ ನೆಲದಲ್ಲಿ ಕುಳಿತುಬಿಟ್ಟಿದ್ದರು.

"ಎಂತ ವಾಸನೆ?"

"ಬೆಳ್ಳುಳ್ಳಿ."

"ಇನ್ನೊಮ್ಮೆ ಹೇಳಿ."

"ಬೆಳ್ಳುಳ್ಳಿ ಮಾರಾಯ್ತಿ, ಬೆಳ್ಳುಳ್ಳಿ! ಹಡಗಿನಲ್ಲಿ ನಾನು ಹೀಗೆ ಮಾಡಿ ಕೊಟ್ಟಿದ್ದರೆ ಎತ್ತಿ ಸಮುದ್ರಕ್ಕೆ ಬಿಸಾಡ್ತಿದ್ರು."

ಮಾಮಿ ಸೆರಗಿನಿಂದ ಮುಖ ಒರೆಸಿಕೊಂಡು, "ಎಂತ ವಾಸನೆ?" ಎಂದು ಮತ್ತೊಮ್ಮೆ ಕೇಳಿದರು.