ಹೊನ್ನಯ್ಯನಿಗೆ ಬಾರದ ಜ್ವರ

ಮಳವಳ್ಳಿಯಿಂದ ಬೆಳಕವಾಡಿಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಒಂದು ಕೂಗಳತೆ ಒಳಗಿದ್ದ ಊರಲ್ಲಿ, ಯುದ್ಧ ನಡೆಯುತ್ತಿದ್ದ ಆ ವರ್ಷ ಮಾರಮ್ಮನ ಕೊಂಡ ಹಾಯುವ ಸರದಿ ಹೊನ್ನಯ್ಯನ ತಲೆಗೆ ಬಂತು. ವರ್ಷವೂ ಹಾಯುತ್ತಿದ್ದವನು ಅವನ ಅಣ್ಣ. ಅಣ್ಣ ಕಾಲು ಮುರಿದುಕೊಂಡು ಮಲಗಿದ. ಆ ಮನೆಯಿಂದ ಒಬ್ಬ ಗಂಡಸು ಕೊಂಡಕ್ಕೆ ಇಳಿಯಲೇಬೇಕೆಂಬುದು ಹಿಂದಿನಿಂದ ಬಂದ ಕಟ್ಟು.

ಕೊಂಡವೆಂದರೆ ಗಾಡಿಯುದ್ದದ ಗುಂಡಿ. ಬೆಳಿಗ್ಗೆಯಿಂದ ಅದರಲ್ಲಿ ಸೌದೆ ಉರಿಸಿ, ಸಂಜೆಗೆ ಮೊರದಲ್ಲಿ ಬೂದಿ ಬೀಸಿದರೆ ಉಳಿಯುವುದು ನಿಗಿನಿಗಿ ಕೆಂಡ. ಅದರ ಮೇಲೆ ಬರಿಗಾಲಲ್ಲಿ ನಡೆಯಬೇಕು. ಹೊನ್ನಯ್ಯನೋ, ಬೀಡಿ ಹಚ್ಚುವಾಗಲೂ ಕಡ್ಡಿಯನ್ನು ಹಾವಿನ ಬಾಲ ಹಿಡಿದಂತೆ ದೂರ ಹಿಡಿಯುವವನು. ಕಾಲು ಸುಡುವುದೊಂದೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ಕಾಲು ಸುಟ್ಟವನು ಏನೋ ತಪ್ಪು ಮಾಡಿದ್ದಾನೆಂದು ಊರೆಲ್ಲ ನಂಬುತ್ತಿತ್ತು. ಹಿಂದೊಮ್ಮೆ, ಇನ್ನೊಂದು ಮನೆಯಿಂದ ಕೊಂಡ ಹಾಯುವ ಲಿಂಗಯ್ಯನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಾಗ, ಆಷಾಢ ಕಳೆದರೂ ಜನ ಅವನ ಪಾಪ ಹುಡುಕುತ್ತಲೇ ಇದ್ದರು. ಹುಡುಕುವಾಗ ಬೇರೆಯವರ ಪಾಪಗಳೂ ಒಂದಷ್ಟು ಸಿಕ್ಕಿ ಎರಡು ಮನೆ ಒಡೆದಿದ್ದವು.

ಹಬ್ಬದ ಬೆಳಿಗ್ಗೆ ಮಳವಳ್ಳಿಯಿಂದ ಆರೋಗ್ಯದ ಇನ್‌ಸ್ಪೆಕ್ಟರು ಸೈಕಲ್ ತುಳಿದುಕೊಂಡು ಬಂದರು. ಸುತ್ತಲ ಊರುಗಳಲ್ಲಿ ನೆಗಡಿ ಜ್ವರ ಹಬ್ಬುತ್ತಿದೆ, ಜನ ಸೇರಿದ ಕಡೆ ಅದು ಒಬ್ಬರಿಂದ ಹತ್ತು ಮಂದಿಗೆ ಹತ್ತುತ್ತದೆ ಎಂದರು. ಯಾರೂ ನಗಲಿಲ್ಲ. ಹಿಂದೆ ಇಂಥದೇ ಜ್ವರ ಬಂದ ವರ್ಷ ಹೆಣ ಹೊರಲು ಹೆಗಲು ಸಿಗದೆ ಬಾಗಿಲು ಕಿತ್ತು, ಅದರ ಮೇಲೆ ಹೆಣ ಮಲಗಿಸಿ ಎಳೆದುಕೊಂಡು ಹೋದದ್ದನ್ನು ಕಂಡ ಕಣ್ಣುಗಳು ಊರಲ್ಲಿ ಇನ್ನೂ ಇದ್ದವು. ಜನ ಬಾಯಿಗೆ ಬಟ್ಟೆ ಕಟ್ಟಿಕೊಂಡು ದೂರದೂರ ನಿಲ್ಲಬೇಕು, ತೀರ್ಥವನ್ನು ಮೇಲಿಂದ ಹುಯ್ಯಬೇಕು, ಸಂಜೆ ಕೊಂಡ ಹಾಯುವವರ ಬಾಯಿಗೆ ನಾನೇ ಜ್ವರ ಅಳೆಯುವ ಗಾಜಿನ ಕಡ್ಡಿ ಇಟ್ಟು ನೋಡುತ್ತೇನೆ ಎಂದು ಇನ್‌ಸ್ಪೆಕ್ಟರು ಅಪ್ಪಣೆ ಮಾಡಿದರು. ಕೊನೆಗೆ, ಜ್ವರ ಇದ್ದವನು ಪೂಜಾರಿಯೇ ಆಗಲಿ, ಕೊಂಡದ ಹತ್ತಿರ ಸುಳಿಯಕೂಡದು ಎಂದರು.

ಗುಡಿಯ ಮಂಟಪದಲ್ಲಿ ಒಬ್ಬನೇ ಕೂತಿದ್ದ ಹೊನ್ನಯ್ಯನಿಗೆ ಆ ಕೊನೆಯ ಮಾತು ಹೊಟ್ಟೆಗೆ ಮಜ್ಜಿಗೆ ಹುಯ್ದಂತಾಯಿತು. ಒಂದು ಜ್ವರ ಬರಬೇಕು. ಸಾಯುವ ಜ್ವರ ಬೇಡ, ಸಂಜೆ ದಾಟಿಸುವ ಜ್ವರ ಸಾಕು. ಅವನ ದೊಡ್ಡಪ್ಪನ ಮನೆ ಖಾಲಿಯಾದದ್ದು ಆ ಹಳೆಯ ಜ್ವರದಲ್ಲೇ. ಅದರ ಭಯವೂ ಇತ್ತು. ಎರಡು ಭಯ ಒಂದೇ ಗೂಟಕ್ಕೆ ಕಟ್ಟಿದ ಹೋರಿಗಳಂತೆ ಅವನೊಳಗೆ ಗುದ್ದಾಡಿದವು. ಕೊಂಡದ ಹೋರಿಯೇ ಗೆದ್ದಿತು.

ಆದರೆ ಜ್ವರ ಸಿಗಬೇಕಲ್ಲ. ಹಬ್ಬ ಸಾರಿದ ದಿನದಿಂದ ಅವನು ಮಡಿಯಲ್ಲಿದ್ದ. ತಾನೇ ಬೇಯಿಸಿಕೊಂಡು ಉಣ್ಣಬೇಕು, ಹಬ್ಬದ ದಿನ ಪೂರಾ ಉಪವಾಸ, ತನ್ನದೇ ಚೆಂಬು, ಯಾರೂ ಮುಟ್ಟುವಂತಿಲ್ಲ. ಊರಿನ ಮನೆಮನೆಯಲ್ಲೂ ಕೆಮ್ಮು ಏಳುತ್ತಿದ್ದರೂ ಮಂಟಪದ ಮೆಟ್ಟಿಲು ಹತ್ತಲು ಅದಕ್ಕೆ ದಾರಿಯೇ ಇರಲಿಲ್ಲ.

ಅಷ್ಟರಲ್ಲಿ ಅವನ ಗೆಳೆಯ ಚಿಕ್ಕಬೋರಯ್ಯ ಹಳೆಯ ಗಾಡಿಯ ಕೀಲಿನಂತೆ ಕೆಮ್ಮುತ್ತ ಬಂದ.

“ಲೇ ಬೋರ, ವಸಿ ಅತ್ರ ಬಾಲಾ. ಇಲ್ಲೇ ಪಕ್ಕದಾಗ್ ಕುಂತ್ಕೊ” ಎಂದ ಹೊನ್ನಯ್ಯ.

“ಎಲ್ಲಾರ ಉಂಟಾ? ನೀನೀಗ ಅಮ್ಮನ ಆಳು ಕಣ್ಲಾ. ನಾನ್ ಮುಟ್ಟಿ ನಿನ್ ಕಾಲು ಬೆಂದೋದ್ರೆ ಊರೋರು ನನ್ನ ಸುಮ್ಕೆ ಬುಟ್ಟಾರಾ?”

ಕೆಮ್ಮು ಒತ್ತಿ ಬಂತು. ಚಿಕ್ಕಬೋರಯ್ಯ ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ನೋಡಿ, ಆಚೆ ತಿರುಗಿ, ಟವಲು ಬಾಯಿಗೊತ್ತಿ ಭಕ್ತಿಯಿಂದ ಕೆಮ್ಮಿ ಹೊರಟುಹೋದ.

ಆಮೇಲೆ ಬಂದವಳು ದೊಡ್ಡತಾಯಮ್ಮ, ಅವನ ತಾಯಿಯ ಅಕ್ಕ. ಕಂಬಳಿ ಹೊದ್ದು ನಡುಗುತ್ತ, ಗಂಜಿಯ ಬೋಗುಣಿ ಹಿಡಿದು ದೂರದಲ್ಲೇ ಕೂತಳು. ಕುಡಿದು ಉಳಿಸಿದ್ದನ್ನು ಒಂದು ಗುಟುಕು ಕೊಡೆಂದು ಹೊನ್ನಯ್ಯ ಬೇಡಿದ. ಮುದುಕಿಯ ಕಣ್ಣಲ್ಲಿ ನೀರು ಬಂತು.

“ಅಸ್ಕೊಂಡಿದ್ದೀಯಾ ಕಣ್ ಮಗ, ನಂಗೊತ್ತಾಯ್ತದೆ. ನನ್ ಎಂಜ್ಲ ನಿಂಗ್ ಕೊಟ್ರೆ ಅಮ್ಮ ಮೆಚ್ಚಾಳಾ?”

ಅವಳು ಹೋಗಿ ಹುಡುಗ ಉಪವಾಸದಲ್ಲಿ ಬಳಲುತ್ತಿದ್ದಾನೆಂದು ಬೀದಿಬೀದಿಗೆ ಹೇಳಿದಳು. ಹೆಂಗಸರು ಗುಂಪಾಗಿ ಬಂದು, ದೂರದಿಂದಲೇ ಕೈಮುಗಿದು, ಮೆಟ್ಟಿಲಿಗೆ ಅರಿಶಿನದ ನೀರು ಚಿಮುಕಿಸಿ, ಮಂಟಪಕ್ಕೆ ಬೇವಿನ ಸೊಪ್ಪಿನ ಇನ್ನೊಂದು ತೋರಣ ಕಟ್ಟಿಸಿದರು. ಇನ್ನು ನೊಣ ಕೂಡ ಕೇಳಿಕೊಂಡೇ ಒಳಗೆ ಬರಬೇಕಾಯಿತು.

ಹೊನ್ನಯ್ಯ ಕೊನೆಯ ಉಪಾಯ ಹೂಡಿದ. ಅಂಗಳದ ಚಪ್ಪಡಿಕಲ್ಲು ಮಧ್ಯಾಹ್ನದ ಬಿಸಿಲಿಗೆ ದೋಸೆಯ ಹೆಂಚಾಗಿತ್ತು. ಅದರ ಮೇಲೆ ಬೆನ್ನು ಕೊಟ್ಟು ಮಲಗಿದ. ಮೈ ಸುಡತೊಡಗಿತು, ಗಾಜಿನ ಕಡ್ಡಿಗೆ ಇಷ್ಟು ಸಾಕೆಂದು ಸಂತೋಷವೂ ಆಯಿತು. ಊರ ಯಜಮಾನ ದೊಡ್ಡಸಿದ್ದಯ್ಯ ಅದನ್ನು ಕಂಡು ಗದ್ಗದನಾದ. ಈ ವಂಶದಲ್ಲಿ ಇಂಥ ತಪಸ್ಸು ಯಾರೂ ಮಾಡಿರಲಿಲ್ಲ ಎಂದು, ಬಾವಿಯಿಂದ ಮಡಿನೀರು ಸೇದಿಸಿ, ಕೊಡದ ಮೇಲೆ ಕೊಡ ಅವನ ತಲೆಗೆ ಹುಯ್ಯಿಸಿದ. ಇನ್‌ಸ್ಪೆಕ್ಟರು ಬರುವ ಹೊತ್ತಿಗೆ ಹೊನ್ನಯ್ಯ ಮಡಕೆಯೊಳಗಿನ ಸೌತೆಕಾಯಿಯಂತೆ ತಣ್ಣಗಿದ್ದ.

ಆ ವರ್ಷ ಹಾಯಬೇಕಾದವರು ಮೂವರು. ಪೂಜಾರಿಯ ಬಾಯಿಗೆ ಕಡ್ಡಿ ಇಟ್ಟರು, ಜ್ವರ. ಅವನು ಮಡಿಯಲ್ಲಿದ್ದರೂ ದಿನವೂ ಊರವರ ಕೈಗೆಲ್ಲ ತೀರ್ಥ ಕೊಟ್ಟಿದ್ದ. ಲಿಂಗಯ್ಯ ಮಡಿ ಮುರಿದು ಕದ್ದು ಮನೆಗೆ ಹೋಗಿಬರುತ್ತಿದ್ದನೆಂಬುದು ಅವನ ಜ್ವರದಿಂದಲೇ ಬಯಲಾಯಿತು. ಇಬ್ಬರನ್ನೂ ಮನೆಗೆ ಅಟ್ಟಿದರು. ಹೊನ್ನಯ್ಯ ಕಡ್ಡಿಯನ್ನು ಬಾಯಲ್ಲಿಟ್ಟುಕೊಂಡು, ಒಂದಿಷ್ಟು ಜ್ವರ ಕೊಡು ತಾಯಿ ಎಂದು ಮಾರಮ್ಮನನ್ನೇ ಬೇಡಿದ.

ಇನ್‌ಸ್ಪೆಕ್ಟರು ಕಡ್ಡಿಯನ್ನು ಬೆಳಕಿಗೆ ಹಿಡಿದು, ಅವನ ಗಂಟಲು ನೋಡಿ, ಬೆನ್ನು ತಟ್ಟಿದರು. “ಈ ಊರಿನಲ್ಲಿ ನಾನು ಕಂಡ ಗಟ್ಟಿ ಆಳು ಇವನೊಬ್ಬನೇ. ಬೆಳಿಗ್ಗೆಯಿಂದ ನಾನು ಬಡಿದುಕೊಂಡದ್ದೂ ಇದನ್ನೇ. ಯಾರನ್ನೂ ಮುಟ್ಟದೆ ಬೇರೆ ಇದ್ದರೆ ಹೀಗೆ ಇರಬಹುದು.”

ದೊಡ್ಡಸಿದ್ದಯ್ಯ ಹಿರಿಯರ ಜೊತೆ ಪಿಸುಗುಟ್ಟಿ ಮುಂದೆ ಬಂದ. “ಮೂರಾಳು ಕೊಂಡ ಆಯ್ಬೇಕು ಅಂತ ಅಮ್ಮನ ಕಟ್ಟು. ಇಬ್ರು ಮಲಗ್‌ಬುಟ್ಟವ್ರೆ. ಇವನೇ ಮೂರ್ ಕಿತಾ ಆಯ್ಲಿ ಬುಡಿ.”

ತನಗೂ ಜ್ವರವಿದೆಯೆಂದು ಹೊನ್ನಯ್ಯ ಹೇಳಲು ನೋಡಿದ. ಹಲ್ಲು ಕಟಕಟಿಸಿ ಮಾತು ಹೊರಡಲಿಲ್ಲ. ಅಮ್ಮ ಮೈಮೇಲೆ ಬಂದಳೆಂದು ಜನ ತಮಟೆ ಬಾರಿಸಿದರು.

ಮೊದಲ ಸಲ ಕಣ್ಣು ಮುಚ್ಚಿ ಹೋದ. ಎರಡನೆಯ ಸಲ ಸತ್ತೆನೆಂದು ತಿಳಿದೇ ಹೋದ. ಮೂರನೆಯ ಸಲ ನಿಲ್ಲುವುದು ಹೇಗೆಂದು ತಿಳಿಯದೆ ಹೋದ. ಹಾಲು ಹುಯ್ದು ನೆನೆಸಿದ ನೆಲದ ಮೇಲೆ ನಿಂತು ಕೆಳಗೆ ನೋಡಿದರೆ ಅಂಗಾಲು ಎರಡೂ ಸರಿಯಾಗಿದ್ದವು. ಅವನ ಜೀವ ಅವತ್ತು ಮೊದಲ ಸಲ ಅವನಿಗೆ ಸಿಹಿಯಾಗಿ ಕಂಡಿತು. ಇಂಥ ಜೀವಕ್ಕೆ ಜ್ವರ ಬೇಡಿದೆನಲ್ಲ ಎಂದು ಕೆನ್ನೆ ಬಡಿದುಕೊಂಡ.

ಕೊಂಡ ಮುಗಿಯಿತು, ಅಲ್ಲಿಗೆ ಮಡಿಯೂ ಮುಗಿಯಿತು. ಇನ್ನು ಅವನನ್ನು ಮುಟ್ಟಬಹುದು, ಮುಟ್ಟಿದರೆ ಪುಣ್ಯ. ಬೆಳಿಗ್ಗೆಯಿಂದ ದೂರದೂರ ನಿಂತಿದ್ದ ಊರು ಒಂದೇ ಸಲ ನುಗ್ಗಿತು. ಬಾಯಿ ಮುಚ್ಚಿಕೊಂಡು ಅಮ್ಮನ ಆಳನ್ನು ಮುಟ್ಟುವುದು ತರವಲ್ಲವೆಂದು ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಕಾಲು ಹಿಡಿದರು, ಕೆನ್ನೆ ಸವರಿದರು, ಮಕ್ಕಳ ಮೂಗನ್ನು ಅವನ ಹೆಗಲಿಗೆ ಒತ್ತಿದರು. ಮನೆಗೆ ಅಟ್ಟಿದ್ದ ಪೂಜಾರಿಯೂ ಕಂಬಳಿಯೊಡನೆ ಎದ್ದುಬಂದು ತಬ್ಬಿಕೊಂಡು ಅತ್ತ. ಇನ್‌ಸ್ಪೆಕ್ಟರು ಕೆನ್ನೆ ನೋಯುವವರೆಗೂ ಸೀಟಿ ಊದಿದರು. ತಮಟೆಯ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ.

ಒಂದೆರಡು ದಿನ ಕಳೆಯುವುದರೊಳಗೆ ಹೊನ್ನಯ್ಯನಿಗೆ ಮೂಳೆ ಕಳಚುವ ಜ್ವರ ಬಂತು. ಅವನು ಬದುಕುತ್ತಾನೋ ಇಲ್ಲವೋ ಎಂದು ಹೆಂಡತಿ ಮರಿತಾಯಮ್ಮ ದೀಪ ಹಚ್ಚಿಟ್ಟು ಕೂತಳು. ಜ್ವರ ಇಳಿದ ಬೆಳಿಗ್ಗೆ ದೊಡ್ಡಸಿದ್ದಯ್ಯ ಬಂದು, ಹೊಸಿಲಿನಾಚೆಯೇ ನಿಂತು, ಸಿಹಿಸುದ್ದಿ ಹೇಳಿದ.

“ಮೂರಾಳು ಇಳಿದ್ರೆ ಮೂರ್ ಮನೆ ನೆಂಟ್ರು ಸೇರಿ ಜನ ಜಾಸ್ತಿ ಆಯ್ತದಂತೆ, ಇನ್‌ಸ್ಪೆಕ್ಟ್ರು ಯೋಳವ್ರೆ. ನಾವೂ ಒಪ್ಕಂಡೋ ಕಣಪ್ಪ. ಇನ್ಮ್ಯಾಕೆ ವರ್ಸಾ ವರ್ಸಾ ಮೂರ್ ಕಿತಾನೂ ನೀನೊಬ್ನೇ.”

ಹೊನ್ನಯ್ಯ ಹೆಂಡತಿಯ ಕಡೆ ತಿರುಗಿ, ಜ್ವರ ಪೂರಾ ಇಳಿದಿದೆಯೇ, ಇನ್ನೊಂದು ಸಲ ಹಣೆ ಮುಟ್ಟಿ ನೋಡು ಎಂದ.